ನೂರಾ ಎಂಬತ್ತು ಮೀಟರಿನಲ್ಲಿರುವ ಕಾಲುದಾರಿ

ಶೂಟಿಂಗ್ ಮೈದಾನಗಳ ಸುರಕ್ಷತೆಯ ಹೊಣೆ ಹೊತ್ತಿರುವ ಕ್ಯಾಂಟನ್ ಪ್ರಾಂತಾಡಳಿತದ ಅಧಿಕಾರಿಗಳಿಗೆ

ಮಾನ್ಯರೇ,

ಹಿಂಟರ್‌ಮಾಟ್ ಶೂಟಿಂಗ್ ಮೈದಾನವನ್ನು ಅಡ್ಡ ಹಾಯುವ ಕಾಲುದಾರಿಯಲ್ಲಿ ಕೆಂಪು ಬಾವುಟ ಹಿಡಿದು ಕೂರುತ್ತಿದ್ದ ಕಾವಲುಗಾರನನ್ನು ಕಳೆದ ಅಕ್ಟೋಬರಿನಲ್ಲಿ ನೀವು ತೆಗೆದುಹಾಕಿದಿರಿ. ಏಪ್ರಿಲ್ ಹನ್ನೆರಡರ ಶನಿವಾರ ಬೆಳಿಗ್ಗೆ ಹನ್ನೊಂದೂ ನಲವತ್ತಕ್ಕೆ ಅದೇ ದಾರಿಯಲ್ಲಿ ನಮ್ಮೂರಿನ ಒಬ್ಬ ಮನುಷ್ಯ ಸಾಯುವುದು ಸ್ವಲ್ಪದರಲ್ಲಿ ತಪ್ಪಿತು. ಆ ಹೊತ್ತಿನಲ್ಲಿ ಅಕ್ಕಪಕ್ಕದ ಆರು ಗುಂಡಿನ ಸಾಲುಗಳಲ್ಲಿ ನಾಲ್ಕನೆಯದರಲ್ಲಿ ಗುಂಡು ತುಂಬಿದ ರೈಫಲ್ ಹಿಡಿದು ಮಲಗಿದ್ದವಳು ನಾನು. ಬರುವ ಶನಿವಾರ ಮೈದಾನ ಮತ್ತೆ ತೆರೆಯಬೇಕೆಂದು ನಿಮ್ಮ ಆದೇಶ ಬಂದಿದೆ. ನನಗೆ ಭಯವಾಗಿದೆ. ಆದ್ದರಿಂದ ಈ ಪತ್ರವನ್ನು ನಿಮ್ಮ ಕಚೇರಿಯ ಪೆಟ್ಟಿಗೆಗೆ ಹಾಕದೆ ಪತ್ರಿಕೆಗೆ ಕೊಟ್ಟಿದ್ದೇನೆ.

ನಾನು ಹುಟ್ಟು ಗುರಿಗಾರ್ತಿಯಲ್ಲ. ಇಪ್ಪತ್ತೆರಡು ವರ್ಷಗಳಿಂದ ಊರಿನ ಚರ್ಚಿನ ಎದುರು ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದೇನೆ. ರೈಫಲನ್ನು ಮೊದಲ ಸಲ ಹೆಗಲಿಗಿಟ್ಟುಕೊಂಡಾಗ ನನಗೆ ನಲವತ್ತೇಳು. ಅದಕ್ಕೂ ಹಿಂದಿನ ವರ್ಷ ಹೊಸ ಬಡಾವಣೆಯವರು ಶನಿವಾರದ ಗುಂಡಿನ ಸದ್ದು ತಾಳಲಾಗುತ್ತಿಲ್ಲವೆಂದು ನಿಮಗೊಂದು ಅರ್ಜಿ ಕೊಟ್ಟರಲ್ಲ, ಅದರಲ್ಲಿ ಮೂವತ್ತೊಂದನೆಯ ಸಹಿ ನನ್ನದು. ಇದನ್ನು ಮುಚ್ಚಿಟ್ಟು ನಿಮ್ಮನ್ನು ದೂರುವುದು ಸರಿಯಲ್ಲ.

ಆ ಸಹಿಯ ಸುದ್ದಿ ತಿಳಿದು ಅಂಗಡಿಗೆ ಬಂದವರು ವೆಂಡೆಲೀನ್ ಕೇಲೀನ್. ಬೇಕರಿ ಮಗಳಿಗೆ ಬಿಟ್ಟುಕೊಟ್ಟು ಮನೆಯಲ್ಲಿರುವ ಎಪ್ಪತ್ತೊಂದರ ಹಿರಿಯರು, ಶೂಟಿಂಗ್ ಕ್ಲಬ್ಬಿನ ಹಳಬರು. ಅವರ ಶೂಟಿಂಗ್ ಕನ್ನಡಕ ಮಾಡಿಕೊಟ್ಟವಳು ನಾನೇ. ಅದನ್ನು ಮೇಜಿನ ಮೇಲಿಟ್ಟು ಅವರು ಹೇಳಿದ್ದು ಇಷ್ಟು: "ನೋಡಮ್ಮ, ಬೈಯೋದಾದ್ರೆ ಒಂದ್ಸಲ ಬಂದು ಮಲ್ಕೊಂಡು ಗುರಿ ಹಿಡಿದ್ಮೇಲೆ ಬೈಯಿ. ನೀನೇ ಮಾಡ್ಕೊಟ್ಟ ಗಾಜಿನಲ್ಲಿ ನಮಗೇನು ಕಾಣತ್ತೆ ಅಂತ ನಿಂಗೇ ಗೊತ್ತಿಲ್ವಲ್ಲ!"

ಹೋದೆ. ಬೈಯಲು ಹೋದವಳು ಅಲ್ಲೇ ಉಳಿದೆ. ಮೊಣಕೈ ಊರಿ, ಉಸಿರು ಅರ್ಧ ಬಿಟ್ಟು, ಮುನ್ನೂರು ಮೀಟರ್ ಆಚೆಯ ಕಪ್ಪು ಚುಕ್ಕೆಯನ್ನು ರೈಫಲಿನ ತುದಿಯ ಉಂಗುರದ ನಡುವೆ ತಂದು ನಿಲ್ಲಿಸುವ ಆ ಎಂಟು ಹತ್ತು ಕ್ಷಣಗಳಲ್ಲಿ ತಲೆಯೊಳಗೆ ಬೇರೇನೂ ಇರುವುದಿಲ್ಲ. ಗಿರಾಕಿಗಳ ತಕರಾರು, ಬಾಡಿಗೆ, ಬೆನ್ನುನೋವು, ಏನೂ ಇಲ್ಲ. ನಡುವಯಸ್ಸಿನಲ್ಲಿ ಅಂಥದ್ದೊಂದು ಸಿಗುವುದು ಸಣ್ಣ ಮಾತಲ್ಲ. ಕ್ಲಬ್ಬಿನವರು ನನಗೆ 'ಕನ್ನಡಕದಮ್ಮ' ಎಂದು ಹೆಸರಿಟ್ಟರು. ನನ್ನ ಗುರಿ ಕೆಟ್ಟದಾಗಿಯೇ ಉಳಿಯಿತು, ಶನಿವಾರಗಳು ಚೆನ್ನಾದವು.

ಅಷ್ಟರಲ್ಲಿ ನಮ್ಮ ಅರ್ಜಿಯನ್ನು ನೀವು ಪುರಸ್ಕರಿಸಿದಿರಿ. ಪ್ರತಿ ಸಾಲಿನ ಮುಂದೆಯೂ ಸದ್ದು ನುಂಗುವ ಉದ್ದನೆಯ ಕೊಳವೆ ಬಂತು. ಈಗ ರೈಫಲಿನ ಬಾಯಿ ಅದರೊಳಗೇ ಇರುತ್ತದೆ. ಊರಿನಲ್ಲಿ ನಿಂತರೆ ಏನೂ ಕೇಳಿಸದು. ಆ ಕೆಲಸ ಅಚ್ಚುಕಟ್ಟಾಗಿ ಆಗಿದೆ, ಅಭಿನಂದನೆಗಳು. ಆದರೆ ಒಂದು ವಿಷಯ ನಿಮಗೂ ಹೊಳೆಯಲಿಲ್ಲ, ಸಹಿ ಹಾಕಿದ ನಮಗೂ ಹೊಳೆಯಲಿಲ್ಲ. ಹಿಂಟರ್‌ಮಾಟ್‌ನಲ್ಲಿ ಆ ಕಾಲುದಾರಿಯನ್ನು ಯಾರೂ ಕಣ್ಣಿನಿಂದ ಬಳಸುತ್ತಿರಲಿಲ್ಲ, ಕಿವಿಯಿಂದ ಬಳಸುತ್ತಿದ್ದರು. ಮೂರು ತಲೆಮಾರಿನ ಅಭ್ಯಾಸ ಅದು. ಮನೆ ಬಾಗಿಲಲ್ಲಿ ನಿಂತು ಆಲಿಸುವುದು. ಗುಂಡಿನ ಸದ್ದು ಬರುತ್ತಿದ್ದರೆ ಸೇತುವೆ ಬಳಸಿಕೊಂಡು ಹೋಗುವುದು. ಸದ್ದು ನಿಂತರೆ ಶೂಟಿಂಗಿನವರು ಊಟಕ್ಕೆ ಎದ್ದರೆಂದು ನೆಟ್ಟಗೆ ದಾಟುವುದು. ಕಿವಿ ತಪ್ಪಿದವರನ್ನು ತಡೆಯಲು ಬಾವುಟದವನಿದ್ದ. ನೀವು ಕಿವಿಯನ್ನೂ ಮುಚ್ಚಿದಿರಿ, ಬಾವುಟವನ್ನೂ ಕಿತ್ತಿರಿ, ಅದೂ ಒಂದೇ ಪತ್ರದಲ್ಲಿ. ಬದಲಿಗೆ ವೇಳಾಪಟ್ಟಿಯನ್ನು ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ ಎಂಬ ಒಂದು ಫಲಕ ನೆಡಿಸಿದಿರಿ. ಪತ್ರದ ಕೊನೆಯ ಸಾಲು ನನಗೆ ಬಾಯಿಪಾಠ: "ಗುಂಡು ಹಾರಿಸುವವರು ಸ್ವತಃ ಕಾಲುದಾರಿಯನ್ನು ಗಮನಿಸತಕ್ಕದ್ದು."

ಕಣ್ಣು ಪರೀಕ್ಷಿಸುವುದೇ ಕಸುಬಾಗಿರುವವಳಾಗಿ ಕೇಳುತ್ತೇನೆ: ಈ ಸಾಲು ಬರೆದವರು ಯಾವತ್ತಾದರೂ ಗುರಿ ಹಿಡಿದಿದ್ದಾರೆಯೇ? ಮನುಷ್ಯನ ಕಣ್ಣು ಒಂದು ಹೊತ್ತಿಗೆ ಒಂದೇ ದೂರವನ್ನು ಸ್ಪಷ್ಟವಾಗಿ ನೋಡಬಲ್ಲದು. ಸರಿಯಾಗಿ ಗುರಿ ಹಿಡಿದವನಿಗೆ ಸ್ಪಷ್ಟವಾಗಿ ಕಾಣುವುದು ರೈಫಲಿನ ತುದಿಯ ಉಂಗುರ ಮಾತ್ರ. ಅದರಾಚೆಯ ಗದ್ದೆ, ಪೊದೆ, ಬೇಲಿ ಎಲ್ಲವೂ ಹಸಿರು ಮಬ್ಬು. ಮನುಷ್ಯನಿದ್ದರೆ ಅವನೂ ಮಬ್ಬು. ಜೊತೆಗೆ ಈಗ ಕೊಳವೆ ಬೇರೆ. ಹಿಂದೆ ನಿಲ್ಲುವ ಶೂಟಿಂಗ್ ಮೇಷ್ಟ್ರಿಗೆ ಅದರ ಬೆನ್ನು ಕಾಣುತ್ತದೆ, ದಾರಿ ಕಾಣುವುದಿಲ್ಲ.

ಆ ಶನಿವಾರ ನಾವು ಆರು ಮಂದಿ ಮಲಗಿದ್ದೆವು. ಐವರು ನುರಿತವರು. ನನ್ನ ಕಣ್ಣು ಎಂದಿನಂತೆ ಉಂಗುರ ಬಿಟ್ಟು ಆಚೆಗೆ ಜಾರಿತು. ಮೇಷ್ಟ್ರು ಎರಡು ವರ್ಷಗಳಿಂದ ಬೈಯುತ್ತಿರುವ ತಪ್ಪು ಅದೇ. ಚುಕ್ಕೆಯ ಕೆಳಗೆ, ಪೊದೆಯ ಪಕ್ಕದಲ್ಲಿ, ಕಂದು ಬಣ್ಣದ ಏನೋ ಮೇಲಕ್ಕೆ ಏರುತ್ತಿತ್ತು. ಅದು ಟೋಪಿ ಎಂದು ನನಗೆ ತಿಳಿಯಿತು.

ಅಪಾಯ ಕಂಡವರು ಯಾರೇ ಆಗಲಿ, "ನಿಲ್ಲಿಸಿ" ಎಂದು ಕೂಗಬೇಕು. ಕೂಗಿದ ಕೂಡಲೇ ಎಲ್ಲರೂ ನಿಲ್ಲಿಸಬೇಕು. ಇದು ಮೊದಲ ದಿನ ಕಲಿಸುವ ಪಾಠ. ನಾನು ಕೂಗಲಿಲ್ಲ. ಸೇರಿದ ಮೊದಲ ತಿಂಗಳಲ್ಲಿ ಒಂದು ಒಣಗಿದ ಕೊಂಬೆಯನ್ನು ಜಿಂಕೆಯೆಂದು ತಿಳಿದು ಹೀಗೆಯೇ ಕೂಗಿ ಎಲ್ಲರನ್ನೂ ಎಬ್ಬಿಸಿದ್ದೆ. ಅದಾದ ಮೇಲೆ ವರ್ಷವಿಡೀ, "ಏನು ಕನ್ನಡಕದಮ್ಮ, ಆ ಜಿಂಕೆಗೆ ಯಾವ ನಂಬರಿನ ಗಾಜು ಬರ್ಕೊಟ್ಟೆ?" ಎಂದು ಕಿಚಾಯಿಸಿದ್ದರು. ನಾನು ನಾಚಿಕೆಗೆ ಹೆದರಿದೆ. ನಾಲ್ಕು ಕ್ಷಣವಿರಬಹುದು. ಆ ನಾಲ್ಕು ಕ್ಷಣದಲ್ಲಿ ಪಕ್ಕದ ಸಾಲಿನಿಂದ ವೆಂಡೆಲೀನ್ ಗುಂಡು ಹಾರಿಸಿದರು. ಆಮೇಲೆ ನಾನು ಕೂಗಿದೆ.

ಎಲ್ಲರೂ ನಿಲ್ಲಿಸಿದರು. ನನ್ನ ರೈಫಲನ್ನು ಮೇಷ್ಟ್ರು ಆಲ್ಬೀನ್ ಬಂದು ಖಾಲಿ ಮಾಡಿದರು. ನಾವು ಗದ್ದೆಯಲ್ಲಿ ಓಡಿದೆವು. ದಾರಿಯ ದಿಬ್ಬದ ಮೇಲೆ ಬಾಲ್ಟ್ಸ್ ಇಂಡರ್‌ಗಾಂಡ್ ನಿಂತಿದ್ದರು. ಅರವತ್ತೆಂಟು ವಯಸ್ಸು, ಮೇಲಿನ ಹಟ್ಟಿಯಲ್ಲಿ ಹಸು ಸಾಕುತ್ತಾರೆ, ಕರುಗಳ ಬೇಲಿ ನೋಡಲು ಹೊರಟಿದ್ದರು.

"ಯಾಕ್ರೋ ಹಿಂಗೆ ಓಡ್ಬರ್ತಿದೀರಾ? ಊಟಕ್ಕೆ ಎದ್ದಿಲ್ವಾ ನೀವು?" ಎಂದರು.

"ಬಾಲ್ಟ್ಸ್, ಶೂಟಿಂಗ್ ನಡೀತಿದೆ ಮಾರಾಯ! ಚಟೀರ್ ಅಂದಿದ್ದು ಕೇಳ್ಲಿಲ್ವಾ?" ಆಲ್ಬೀನ್ ಅವರ ತೋಳು ಹಿಡಿದು ಪಕ್ಕಕ್ಕೆ ಎಳೆದರು.

"ಕೇಳ್ತು. ಬೇಲಿ ತಂತಿ ಕಿತ್ತೋಯ್ತು ಅಂದ್ಕೊಂಡೆ. ಊರಲ್ಲಿ ಸದ್ದೇ ಇರ್ಲಿಲ್ಲ, ಅದಕ್ಕೇ ಬಂದೆ. ಸದ್ದಿಲ್ದಾಗ ಬರದೆ ಇನ್ಯಾವಾಗ ಬರ್ಲಿ?" ಆಮೇಲೆ ನನ್ನ ಮುಖ ನೋಡಿ ನಕ್ಕರು. "ಏನಮ್ಮ, ನನ್ನ ಟೋಪಿಗೆ ಎಷ್ಟು ಪಾಯಿಂಟು ಕೊಡ್ತಿದ್ರಿ?"

ವೆಂಡೆಲೀನ್ ಗದ್ದೆಯಲ್ಲೇ ಕುಕ್ಕರಿಸಿದರು.

ಮರುದಿನ ನಾನೂ ಆಲ್ಬೀನರೂ ಹಗ್ಗ ಮತ್ತು ಅಳತೆಕೋಲು ಹಿಡಿದು ಹೋದೆವು. ದಿಬ್ಬದ ಮೇಲೆ ನೆಲದಿಂದ ಗುಂಡಿನ ಹಾದಿಗೆ ಇರುವ ಎತ್ತರ ಎರಡು ಮೀಟರ್ ಹತ್ತು ಸೆಂಟಿಮೀಟರ್. ಟೋಪಿ ಬಿಟ್ಟು ಬಾಲ್ಟ್ಸ್ ಎತ್ತರ ಒಂದು ಮೀಟರ್ ಎಂಬತ್ತೆರಡು. ಉಳಿಯುವುದು ಇಪ್ಪತ್ತೆಂಟು ಸೆಂಟಿಮೀಟರ್, ಗುರಿ ಸರಿಯಾಗಿದ್ದರೆ. ಹಿಂದಿನ ಶನಿವಾರದ ನನ್ನ ಅತಿ ಕೆಟ್ಟ ಗುಂಡು ನಡುಚುಕ್ಕೆಯಿಂದ ಅರವತ್ತು ಸೆಂಟಿಮೀಟರ್ ಕೆಳಗೆ ಬಿದ್ದಿತ್ತು. ಆ ದಾರಿ ಇರುವ ನೂರಾ ಎಂಬತ್ತು ಮೀಟರಿನಲ್ಲಿ ಅದು ಮೂವತ್ತಾರು ಸೆಂಟಿಮೀಟರ್ ಕೆಳಗೆ ಹೋಗಿರುತ್ತದೆ. ಲೆಕ್ಕವನ್ನು ಮೂರು ಸಲ ಮಾಡಿದೆ. ನಾನು ಇನ್ನೂ ಚೆನ್ನಾಗಿ ಕಲಿತಿದ್ದರೆ ಅವರನ್ನು ಕಾಣುತ್ತಿರಲಿಲ್ಲ. ಈಗಿರುವಷ್ಟೇ ಕಲಿತು ಗುಂಡು ಹಾರಿಸಿದ್ದರೆ ಅವರನ್ನೇ ಹೊಡೆಯುತ್ತಿದ್ದೆ. ಈಗ ಅಂಗಡಿಯಲ್ಲಿ ಗಿರಾಕಿಯನ್ನು ಕೂರಿಸಿ ಗೋಡೆಯ ಅಕ್ಷರಗಳನ್ನು ಓದಿಸುವಾಗ ಕೊನೆಯ ಸಾಲಿನ ಕೆಳಗೆ ಕಂದು ಬಣ್ಣದ ಏನೋ ಏರಿ ಬರುತ್ತದೆ. ಗಿರಾಕಿಯನ್ನು ಬಿಟ್ಟು ಹೊರಗೆ ಹೋಗಿ ನಿಲ್ಲುತ್ತೇನೆ.

ಸೋಮವಾರ ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಮಾತಾಡಿದವರು ಸಭ್ಯರು. "ಯಾರಿಗಾದ್ರೂ ಪೆಟ್ಟಾಗಿದೆಯಾ ಮೇಡಂ?" ಎಂದರು. ಇಲ್ಲವೆಂದೆ. "ಹಾಗಾದ್ರೆ ಇದನ್ನ ಘಟನೆ ಅಂತ ತಗೊಳ್ಳೋಕಾಗಲ್ಲ. ಪೆಟ್ಟಾದವರ ಹೆಸರು ತುಂಬದೆ ಇದ್ರೆ ನಮ್ಮ ಕಂಪ್ಯೂಟರ್ ಫಾರಂ ಮುಂದಿನ ಪುಟಕ್ಕೇ ಹೋಗಲ್ಲ." ಅವರ ಪುಟ ತಿರುಗಲು ಬಾಲ್ಟ್ಸ್ ಒಂದು ಕಿವಿಯನ್ನಾದರೂ ಕೊಡಬೇಕಿತ್ತೇನೋ. ಹೋಗಲಿ, ಕ್ಲಬ್ಬಿನಿಂದಲೇ ಒಬ್ಬರನ್ನು ಬಾವುಟ ಕೊಟ್ಟು ಕೂರಿಸುತ್ತೇವೆ ಎಂದು ಆಲ್ಬೀನ್ ಬರೆದು ಕೇಳಿದರು. ನಿಮ್ಮ ಉತ್ತರ ಬಂತು: ಆ ಜಾಗ ಅಪಾಯದ ವಲಯವಾದ್ದರಿಂದ ಅನುಮತಿಯಿಲ್ಲದವರನ್ನು ಅಲ್ಲಿ ಕೂರಿಸುವಂತಿಲ್ಲ, ಕೂರಿಸಿದರೆ ಮೈದಾನದ ಪರವಾನಗಿ ರದ್ದು. ಅಂದರೆ ಮಾನ್ಯರೇ, ಕಾವಲು ಕೂರಲು ಆ ಜಾಗ ಅಪಾಯಕರ. ಹಾಲು ತರಲು, ಬೇಲಿ ನೋಡಲು, ಮಗುವಿನ ಗಾಡಿ ತಳ್ಳಲು ಅಪಾಯಕರವಲ್ಲ. ನಾನು ಸರಿಯಾಗಿ ಓದಿದ್ದೇನೆ ತಾನೇ?

ನಾವೇ ಐದು ಶನಿವಾರ ಶೂಟಿಂಗ್ ನಿಲ್ಲಿಸಿದೆವು. ಆ ಬಿಡುವಿನಲ್ಲಿ ನಾನು ಮನೆಮನೆಗೆ ಹೋಗಿ ಕೇಳಿದೆ. ಕೊಳವೆ ಬಂದ ಮೇಲೆ ಶೂಟಿಂಗ್ ನಡೆಯುವ ಹೊತ್ತಿನಲ್ಲಿ ಆ ದಾರಿ ದಾಟಿದವರು ಹನ್ನೊಂದು ಮಂದಿ. ಒಬ್ಬ ತಾಯಿ ಎರಡು ಸಲ ದಾಟಿದ್ದಾಳೆ, ಅವಳಿಗಳನ್ನು ಕರೆದುಕೊಂಡು. "ಮೈದಾನ ಮುಚ್ಚಿಬಿಟ್ರು ಅಂದ್ಕೊಂಡಿದ್ವಿ, ಎಷ್ಟು ನೆಮ್ಮದಿಯಾಗಿತ್ತು ಗೊತ್ತಾ," ಎಂದು ಆಕೆ ನನಗೆ ಕಾಫಿ ಕೊಟ್ಟಳು. ವೆಂಡೆಲೀನ್ ಬಾಗಿಲು ತೆರೆಯಲಿಲ್ಲ. ಒಳಗಿನಿಂದಲೇ, "ನಿನ್ನ ಕಣ್ಣಿಗೆ ಕಂಡಿದ್ದು ನನ್ನ ಕಣ್ಣಿಗೆ ಯಾಕೆ ಕಾಣ್ಲಿಲ್ಲ, ಹೇಳು," ಎಂದರು. ನಾನು ವೃತ್ತಿಯ ಮಾತಿನಲ್ಲಿ ವಿವರಿಸಿದೆ. ಅವರಿಗೆ ಬೇಕಾಗಿದ್ದು ಅದಲ್ಲ.

ಈಗ ಸೈನ್ಯದ ಪಟ್ಟಿಯಲ್ಲಿರುವ ಸಾಮಾನ್ಯ ಜನ ವರ್ಷಕ್ಕೊಮ್ಮೆ ಮಾಡಲೇಬೇಕಾದ ಕಡ್ಡಾಯ ಶೂಟಿಂಗ್ ಬಂದಿದೆ. ಮುಂದೂಡಲಾಗದು ಎಂದಿದ್ದೀರಿ. ಬರುವ ಶನಿವಾರ ನಾಲ್ಕು ಊರಿನ ನೂರಾ ನಲವತ್ತು ಜನ ನಮ್ಮ ಆರು ಸಾಲುಗಳಲ್ಲಿ ಮಲಗುತ್ತಾರೆ. ಅವರಲ್ಲಿ ಹೆಚ್ಚಿನವರು ವರ್ಷಕ್ಕೊಮ್ಮೆ ರೈಫಲ್ ಮುಟ್ಟುವವರು, ನನಗಿಂತ ಚೆನ್ನಾಗಿಯೇನೂ ಹೊಡೆಯುವವರಲ್ಲ. ಊರಿನಲ್ಲಿ ಆ ದಿನವಿಡೀ ಒಂದು ಸದ್ದೂ ಕೇಳಿಸುವುದಿಲ್ಲ.

ನನ್ನ ಬೇಡಿಕೆ ಎರಡರಲ್ಲೊಂದು. ಶನಿವಾರಕ್ಕೆ ಮೊದಲು ಆ ದಾರಿಗೆ ಬಾವುಟ ಹಿಡಿದ ಒಬ್ಬ ಮನುಷ್ಯನನ್ನು ಅನುಮತಿಪತ್ರ ಸಮೇತ ಕೊಡಿ, ಇಲ್ಲವೇ ಮೈದಾನಕ್ಕೆ ನೀವೇ ಬೀಗ ಹಾಕಿ. ಎರಡೂ ಆಗದು ಎನ್ನುವುದಾದರೆ ಶುಕ್ರವಾರ ಸಂಜೆ ಐದಕ್ಕೆ ದಯಮಾಡಿ ನೀವೇ ಬನ್ನಿ. ನಾಲ್ಕನೆಯ ಸಾಲಿನಲ್ಲಿ ಚಾಪೆ ಹಾಸಿರುತ್ತದೆ. ಗುಂಡಿಲ್ಲದ ರೈಫಲನ್ನು ಆಲ್ಬೀನ್ ನಿಮ್ಮ ಕಣ್ಣೆದುರೇ ಪರೀಕ್ಷಿಸಿ ಕೊಡುತ್ತಾರೆ. ಮಲಗಿ, ಸರಿಯಾಗಿ ಗುರಿ ಹಿಡಿಯಿರಿ. ನಾನು ದಿಬ್ಬದ ಹಿಂದಿನಿಂದ ಯಾವಾಗಲೋ ಒಮ್ಮೆ ನಡೆದು ಬರುತ್ತೇನೆ, ಹೊತ್ತು ಹೇಳುವುದಿಲ್ಲ. ನಿಮ್ಮ ಆದೇಶದಂತೆ ನೀವು ದಾರಿಯನ್ನೂ ಗಮನಿಸುತ್ತಿರಿ. ನಾನು ಕಂಡ ಕೂಡಲೇ "ನಿಲ್ಲಿಸಿ" ಎಂದು ಕೂಗಿ. ರೈಫಲ್ ಖಾಲಿಯೆಂದು ಗೊತ್ತಿದ್ದರೂ ಅಲ್ಲಿ ನಡೆಯಲು ನನಗೆ ಭಯ, ಆದರೂ ನಡೆಯುತ್ತೇನೆ. ನಿಮ್ಮ ಕೂಗು ಕೇಳುವ ಹೊತ್ತಿಗೆ ನಾನು ದಿಬ್ಬದ ಯಾವ ಕಡೆ ಇರುತ್ತೇನೆಂಬುದನ್ನು ಇಬ್ಬರೂ ಸೇರಿ ಅಳೆಯೋಣ.

ಇಂತಿ, ಸದ್ದು ಬೇಡವೆಂದು ಸಹಿ ಹಾಕಿ, ಈಗ ಸದ್ದು ಮಾಡಲೇಬೇಕಾಗಿ ಬಂದಿರುವ
ಒಟೀಲಿಯಾ ಝುರ್‌ಫ್ಲೂ
ಕನ್ನಡಕದ ಅಂಗಡಿ, ಹಿಂಟರ್‌ಮಾಟ್