ಗ್ಯಾಸ್ಕೆಟ್ ಹಿಂದಿನ ಕಾಗದ

...ಇಲ್ಲ, ಇದೂ ಸರಿ ಬರ್ತಿಲ್ಲ. ತಪ್ಪಾಯ್ತು ಧಾರಿಣಿ, ಮತ್ತೆ ಮೊದಲಿಂದ ಶುರು ಮಾಡ್ತೀನಿ. ಇದು ನಾಲ್ಕನೇ ಸಲ. ಹಿಂದಿನ ಮೂರು ವಾಯ್ಸ್ ನೋಟನ್ನೂ ಅಳಿಸಿಬಿಟ್ಟೆ. ಮೂರರಲ್ಲೂ ತಪ್ಪನ್ನ ಮೆಕ್ಯಾನಿಕ್ ತಲೆಗೆ ಕಟ್ಟಕ್ಕೆ ನೋಡಿದ್ದೆ.

ಇವತ್ತು ಭಾನುವಾರ, ಡಿಸೆಂಬರ್ ಹದಿನಾಲ್ಕು. ಆರ್.ಕೆ.ಪುರಂ ಕ್ವಾರ್ಟರ್ಸಿಂದ ಮಾತಾಡ್ತಿದೀನಿ. ಹೊಗೆಮಂಜು ಎಷ್ಟಿದೆ ಅಂದ್ರೆ ಎದುರಿನ ಬ್ಲಾಕೇ ಕಾಣ್ತಿಲ್ಲ. ನೀನು ಹೌಜ್ ಖಾಸಲ್ಲಿ ಲೀಲಾವತಿ ಅಕ್ಕನ ಮನೇಲಿ ಕೂತು ಇದನ್ನ ಕೇಳ್ತೀಯೋ, ಕೇಳದೇ ಬಿಡ್ತೀಯೋ. ಫೋನಂತೂ ಎತ್ತಲ್ಲ. ಕೇಳು, ದಯವಿಟ್ಟು. ಕೊನೇ ತನಕ ಕೇಳು.

ಆ ಕಾಫಿ ಮೆಷೀನು ಬಂದಾಗಿಂದ ನಾನು ಹೇಗಾಡಿದೆ ಅಂತ ನಿನಗೆ ಗೊತ್ತು. ನಲ್ಲಿ ನೀರು ಹಾಕಿದ್ರೆ ಬಾಯ್ಲರಲ್ಲಿ ಸುಣ್ಣ ಕಟ್ಟತ್ತೆ ಅಂತ ಬೇರೆ ಕ್ಯಾನು. ಹಾಲಿನ ಕೊಳವೆ ಒರೆಸಕ್ಕೆ ಬೇರೆ ಬಟ್ಟೆ. ಶನಿವಾರ ಬಂದ್ರೆ ಬ್ರಷ್ ಹಿಡ್ಕೊಂಡು ಅದರ ಮುಂದೆ ನಿಂತುಬಿಡ್ತಿದ್ದೆ. "ಇದಕ್ಕೆ ಮಾಡೋ ಸೇವೇಲಿ ಕಾಲು ಭಾಗ ನಿಮ್ಮಮ್ಮಂಗೆ ಮಾಡಿದ್ರೆ ಅವರು ಇನ್ನೂ ಹತ್ತು ವರ್ಷ ಇರ್ತಿದ್ರು ರೀ" ಅಂತಿದ್ದೆ ನೀನು. ನಗ್ತಿದ್ದೆ ನಾನು. ನಿನಗೆ ಅದನ್ನ ಮುಟ್ಟಕ್ಕೆ ಬಿಟ್ಟಿದ್ದೇ ಒಂದು ವರ್ಷ ಆದ್ಮೇಲೆ. ಅಂದ್ರೆ ಆ ಮೆಷೀನಲ್ಲಿ ಏನಾದ್ರೂ ಕೆಟ್ಟಿದ್ರೆ, ಅದು ಗೊತ್ತಿರಬೇಕಾದವನು ಈ ಮನೇಲಿ ನಾನೊಬ್ಬನೇ.

ಗೊತ್ತಿತ್ತು ನನಗೆ.

ಆಗಸ್ಟ್ ಹದಿನಾಲ್ಕು, ಗುರುವಾರ, ನೀನು ಮಾರ್ಕೆಟ್ಟಿಗೆ ಹೋಗಿದ್ದಾಗ ಸರ್ವೀಸಿನವನು ಬಂದಿದ್ದ. ಪುಡಿ ತುಂಬಿ ಸಿಕ್ಕಿಸ್ತೀವಲ್ಲ ಆ ಹಿಡಿ, ಅದನ್ನ ಬಿಗಿಯಾಗಿ ಹಿಡಿಯೋ ಗ್ಯಾಸ್ಕೆಟ್ ತೆಗೆದು ಉಗುರಲ್ಲಿ ತಟ್ಟಿ ತೋರಿಸಿದ. ಕುಕ್ಕರಿನ ಗ್ಯಾಸ್ಕೆಟ್ ಹಳೇದಾದ್ರೆ ಕಲ್ಲಾಗಲ್ವಾ, ಹಾಗೆ ಆಗಿತ್ತು. "ಸಾಬ್, ನಯಾ ಆನೇ ತಕ್ ಮತ್ ಚಲಾನಾ" ಅಂದ, ಹೊಸದು ಹಾಕೋ ತನಕ ಮೆಷೀನ್ ನಡೆಸಬೇಡಿ ಅಂತ. ಹೊಸದು ಬರಕ್ಕೆ ಎರಡು ವಾರ. ನಾನು "ಅಚ್ಛಾ ಭಯ್ಯಾ" ಅಂದೆ, ಕಳಿಸಿದೆ, ನಿನಗೆ ಹೇಳಲಿಲ್ಲ.

ಯಾಕೆ ಅಂದ್ರೆ ಭಾನುವಾರ ಲೋಧಿ ಕಾಲೋನಿಯಿಂದ ಬಸಪ್ಪ, ಇಂದಿರಮ್ಮ ಬರೋರಿದ್ರು. ಆಫೀಸಲ್ಲಿ ತಿಂಗಳಿಂದ ಕೊಚ್ಚಿಕೊಂಡಿದ್ದೆ ಬಸಪ್ಪನ ಮುಂದೆ. ಮೆಷೀನ್ ಕೆಟ್ಟಿದೆ ಅಂದ್ರೆ ಇಡೀ ಸೆಕ್ಷನ್ನೇ ನಗತ್ತೆ. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡದು ಇದ್ದಿದ್ರೆ ಹೇಳ್ತಿದ್ದೆ.

ಡ್ರಾಯರಲ್ಲಿ ನೀನು ಕೂಡಿಟ್ಟಿದ್ಯಲ್ಲ ಮದುವೆ ಕಾಗದಗಳು, ಅರಿಶಿನ ಹಚ್ಚಿದ್ದು, ಬಿಸಾಡಬಾರದು ಅಂತ. ಅದರಲ್ಲಿ ಒಂದು ದಪ್ಪ ಕಾರ್ಡು ತಗೊಂಡು ಬಳೆ ಥರ ಕತ್ತರಿಸಿ ಗ್ಯಾಸ್ಕೆಟ್ ಹಿಂದೆ ಇಟ್ಟೆ. ಹಿಡಿ ಸೊಗಸಾಗಿ ಬಿಗಿಯಾಯ್ತು. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

ಭಾನುವಾರ ಮೊದಲ ನಾಲ್ಕು ಕಪ್ ನಾನೇ ಮಾಡ್ದೆ, ಏನೂ ಆಗಲಿಲ್ಲ. "ಏನ್ರೀ ಮುಕುಂದ, ಕಾಫಿ ಮಾಡ್ತೀರೋ ರೈಲು ಬಿಡ್ತೀರೋ" ಅಂದ ಬಸಪ್ಪ. ಆ ಬಿಸಿನೀರಿಗೆ ಕಾಗದ ನೆನೆದು ಮುದ್ದೆ ಆಗಿರತ್ತೆ ಅಂತ ಹೊಳೀಲೇ ಇಲ್ಲ ನನಗೆ. ಹಾಲ್‌ನಲ್ಲಿ ಸೋಫಾ ಮೇಲೆ ಕಾಲು ಚಾಚಿ ಕೂತು ಇನ್ನೆರಡು ಹಾಕು ಅಂದೆ ನಿನಗೆ.

ನೀನು ಅಡುಗೆಮನೆಯಿಂದ ಕೂಗಿದೆ. "ರೀ, ಹಿಡಿ ಯಾಕೋ ತುಂಬಾ ಆಚೆ ತಂಕ ತಿರುಗ್ತಿದೆ, ನೀವೇ ಬನ್ನಿ" ಅಂತ. ನೆನಪಿದ್ಯಾ? ನಾನು ಎದ್ದು ಬರಲಿಲ್ಲ. "ಗಟ್ಟಿಯಾಗಿ ತಿರುಗ್ಸೇ, ಅಷ್ಟೂ ಬರಲ್ವಾ" ಅಂದೆ. ಇಂದಿರಮ್ಮ ನಕ್ರು. ಅಷ್ಟೊತ್ತಿಗೆ ನಮ್ಮ ಅದಿತಿ ಕಪ್ ತಗೊಳಕ್ಕೆ ನಿನ್ನ ಪಕ್ಕ ಬಂದಿದ್ಲು.

ಹಿಡಿ ಕಿತ್ತು ಸಿಡಿದ ಆ ಸದ್ದು ನಿನಗೂ ಗೊತ್ತು, ಅದನ್ನ ಹೇಳಲ್ಲ.

ಆಸ್ಪತ್ರೆಯಿಂದ ನಿಮ್ಮ ಬಟ್ಟೆ ತರ್ತೀನಿ ಅಂತ ಮನೆಗೆ ಬಂದ್ನಲ್ಲ? ಬಟ್ಟೆ ಆಮೇಲೆ ತಗೊಂಡೆ. ಮೊದಲು ಆ ಒದ್ದೆ ಕಾಗದ ಕೆರೆದು ತೆಗೆದು ಕಮೋಡಿಗೆ ಹಾಕಿ ಫ್ಲಶ್ ಮಾಡ್ದೆ. ವಾರ್ಡಿಗೆ ವಾಪಸ್ ಬಂದೆ. ನೀನು ನಿನ್ನ ಕೈ ನೋಡ್ಕೊಂಡು "ನಾನೇ ಸರಿಯಾಗಿ ಬಿಗೀಲಿಲ್ಲ, ನಾನೇ ಅವಳ ಮುಖ ಸುಟ್ಟೆ" ಅಂತಿದ್ದೆ. ನಾನು ನಿನ್ನ ಭುಜದ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡು, ಯಾರ ಕೈಲಾದ್ರೂ ಆಗತ್ತೆ" ಅಂದೆ.

ನಿನ್ನನ್ನ ನಾನು ಕ್ಷಮಿಸಿದೆ, ಧಾರಿಣಿ. ಅಷ್ಟು ಜನದ ಮುಂದೆ. ನಿಮ್ಮ ಯಜಮಾನರದ್ದು ಎಂಥ ದೊಡ್ಡ ಮನಸ್ಸು ಅಂದ್ರು ಇಂದಿರಮ್ಮ.

ಬ್ಯಾಂಡೇಜ್ ಬಿಚ್ಚಿದ ದಿನ ಅದಿತಿ "ಮಮ್ಮಾ, ಮುಝೇ ಹಾಥ್ ಮತ್ ಲಗಾವೋ" ಅಂದಾಗ, ಮುಟ್ಟಬೇಡ ಅಂತ ಹೆತ್ತ ಮಗಳು ನಿನಗೆ ಹೇಳ್ದಾಗ, ಬಾಗಿಲಲ್ಲೇ ನಿಂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ. ಮಾರನೇ ದಿನ ನೀನು ಸೂಟ್‌ಕೇಸ್ ತಗೊಂಡೆ. ನಾನೇ ಆಟೋ ಕರೆದೆ.

ಇನ್ನೊಂದೂ ಹೇಳಿಬಿಡ್ತೀನಿ. ಹೊಸ ಗ್ಯಾಸ್ಕೆಟ್ ಬಂತು. ನೀವಿಬ್ರೂ ಇನ್ನೂ ಆಸ್ಪತ್ರೇಲಿದ್ರಿ. ಹಾಕಿದೆ, ಒಂದು ಕಪ್ ಮಾಡ್ಕೊಂಡು ಕುಡಿದೆ. ಚೆನ್ನಾಗಿತ್ತು.

ನಿನ್ನೆ ಲೀಲಾವತಿ ಅಕ್ಕ ಫೋನ್ ಮಾಡಿದ್ರು. ನೀನು ಒಲೆ ಹತ್ರ ಹೋಗಲ್ವಂತೆ. ಸ್ನಾನದ ಬಿಸಿನೀರು ಕೂಡ ಅವರೇ ಬೆರೆಸಿ ಕೊಡಬೇಕಂತೆ. "ನನ್ನ ಕೈ ಒಳ್ಳೇದಲ್ಲ" ಅಂತೀಯಂತೆ. ನಿನ್ನ ಕೈಗೆ ಏನೂ ಆಗಿಲ್ಲ. ನೀನು ಸರಿಯಾಗೇ ತಿರುಗಿಸಿದ್ದೆ. ಇದನ್ನ ಹೇಳಕ್ಕೆ ನಾಲ್ಕು ತಿಂಗಳು ಬೇಕಾಯ್ತು ನನಗೆ.

ವಾಪಸ್ ಬಾ ಅಂತ ಕೇಳಲ್ಲ. ಕೇಳೋ ಮುಖ ಇಲ್ಲ. ಇವತ್ತು ಸ್ನಾನಕ್ಕೆ ನೀರು ನೀನೇ ಬೆರೆಸ್ಕೋ. ಅಷ್ಟು ಸಾಕು.

ಇಷ್ಟೇ. ಇದನ್ನ ನಿನ್ನ ಗಂಡ ಅಂತ ಮುಗಿಸೋ ಹಕ್ಕು ಇದ್ಯೋ ಇಲ್ವೋ,

ಮುಕುಂದ.

ಕಳಿಸಿದ್ಮೇಲೆ ನೆನಪಾಯ್ತು, ಇನ್ನೊಂದು ಮಾತು. ಕಾಗದದಲ್ಲಿ ಬರೀಬಹುದಿತ್ತು, ಆದ್ರೆ ಅದಿತಿಗೆ ಕನ್ನಡ ಓದಕ್ಕೆ ಬರಲ್ಲ. ಕೇಳಿದ್ರೆ ಎಲ್ಲಾ ಅರ್ಥ ಆಗತ್ತೆ. ಅದಕ್ಕೇ ಬಾಯಲ್ಲಿ ಹೇಳ್ದೆ. ನಿನಗೆ ಕಳಿಸಿದ್ದನ್ನೇ ಅವಳಿಗೂ ಕಳಿಸ್ದೆ. ಪಕ್ಕದ ರೂಮಲ್ಲೇ ಇದಾಳೆ. ಗೋಡೆ ಆಚೆಯಿಂದ ನನ್ನ ದನಿ ನನಗೇ ಕೇಳಿಸ್ತಿತ್ತು, ಈಗ ನಿಂತಿದೆ. ಪೂರ್ತಿ ಕೇಳಿದಾಳೆ ಅನ್ಸತ್ತೆ. ಚಿಲಕ ತೆಗೀತಿದಾಳೆ... "ಪಪ್ಪಾ! ಇಧರ್ ಆವೋ." ಕರೀತಿದಾಳೆ, ಧಾರಿಣಿ. ಇಡ್ತೀನಿ.