ಬೆಲ್ಟಿನ ನಡುಕ, ಶಾಂತಾಳ ಬಳೆ

ಭಾನುವಾರ, ನವೆಂಬರ್ ೯

ಶಾಂತಾಳ ಮಂಡಿ ಪರವಾಗಿಲ್ಲ, ನನ್ನ ಬಿಪಿಯೂ ಪರವಾಗಿಲ್ಲ. ಆರೋಗ್ಯ ಕೆಟ್ಟಿರುವುದು ಕಾರಿನ ಬೆಲ್ಟಿಗೆ ಮಾತ್ರ. ಎಸಿ ಹಾಕಿ ಸಿಗ್ನಲ್ಲಿನಲ್ಲಿ ನಿಂತರೆ ಸಾಕು, ಇಂಜಿನ್ನಿನ ಬೆಲ್ಟ್ ಬಟ್ಟೆ ಒಣಹಾಕುವ ಸಡಿಲ ಹಗ್ಗದಂತೆ ಅದುರುತ್ತದೆ; ಬಾಗಿಲಿಗೆ ಕೈ ಒರಗಿಸಿದ ಶಾಂತಾಳ ಬಳೆಗಳು ಗಲಗಲ ಎನ್ನುತ್ತವೆ. ಇಂಜಿನ್ ವೇಗ ಕೊಂಚ ಏರಿಸಿದರೆ ನಡುಕ ಮಾಯ. ಇದು ನಾನೇ ಕಂಡುಹಿಡಿದದ್ದು. ಅದಕ್ಕೇ ಇವತ್ತು ಬನಶಂಕರಿ ಸಿಗ್ನಲ್ಲಿನಲ್ಲಿ ನಿಂತಲ್ಲೇ ಆಕ್ಸಿಲರೇಟರ್ ಒತ್ತುತ್ತಿದ್ದೆ.

ಮುಂದಿದ್ದ ಸ್ಕೂಟರಿನವನು ತಿರುಗಿ, "ಅಂಕಲ್, ಇನ್ನೂ ರೆಡ್ ಇದೆ. ನನ್ ಮೇಲೇ ಹತ್ತಿಸ್ಕೊಂಡು ಹೋಗ್ತೀರಾ?" ಎಂದ.

"ನಾಳೆಯಿಂದ ನಾನು ಮೆಟ್ರೋಲೇ ಓಡಾಡ್ತೀನ್ರೀ," ಎಂದಳು ಶಾಂತಾ. ಮದುವೆಯಾದಾಗ ನಮಗಿದ್ದ ಸ್ಕೂಟರಿನ ಕಾಲದಿಂದ ನನ್ನ ಜೊತೆಗೆ ಕೂತವಳು. ಅವಳ ಸೀಟು ಖಾಲಿಯಿದ್ದರೆ ನಾನು ಕಾರು ತೆಗೆದುಕೊಂಡು ಹೋಗುವುದಾದರೂ ಎಲ್ಲಿಗೆ?

ಸಂಜೆ ಒಬ್ಬನೇ ಗ್ಯಾರೇಜಿಗೆ ಹೋದೆ. ಅಲ್ಲಿನ ಗದ್ದಲದಲ್ಲಿ ಮೆಕ್ಯಾನಿಕ್ ಮಹಾಂತೇಶ್ ಬಗ್ಗಿ ಕಿವಿಗೊಟ್ಟು, "ಏನೂ ಕೇಳಿಸ್ತಿಲ್ವಲ್ಲ ಸಾರ್," ಎಂದ. ನನ್ನ ವಾಚಿನ ಕೈಯನ್ನು ಬಾಗಿಲಿಗೆ ಒತ್ತಿ ತೋರಿಸಿದೆ. ವಾಚು ಪಿಟ್ಟೆನ್ನಲಿಲ್ಲ. ಬಳೆ ಮನೆಯಲ್ಲಿತ್ತು.

ಊಟಕ್ಕೆ ಕೂತಾಗ ಇದನ್ನೆಲ್ಲ ಹೇಳಿದೆ. ಶಾಂತಾ ಸಾರು ಬಡಿಸಿದಳು. ಈಗ, ಮಲಗುವ ಮುಂಚೆ, ಬಾಗಿಲಲ್ಲಿ ನಿಂತು ಕೇಳಿದಳು: "ನಾಳೆ ಗ್ಯಾರೇಜಿಗೆ ಗಾಜಿನ ಬಳೆ ಹಾಕ್ಕೊಳ್ಲಾ, ಚಿನ್ನದ್ದೇ ಸಾಕಾ?"

ಗಾಜಿನವೇ ಇರಲಿ, ಕೈ ತುಂಬ, ಎಂದೆ. ಇನ್ನು ನಿದ್ದೆ.