ಕೂಸನ್ನು ಕೇಳದೆ

ಮಕ್ತಲ್, ಭಾನುವಾರ

ಪೂಜ್ಯ ಮಾವನವರಿಗೆ ಭಾಗ್ಯಜ್ಯೋತಿಯ ಶರಣಾರ್ಥಿ.

ಹೇಳದೆ ಗದ್ವಾಲ ಬಿಟ್ಟು ಕೂಸಿನೊಂದಿಗೆ ತವರಿಗೆ ಬಂದದ್ದಕ್ಕೆ ಸಿಟ್ಟಾಗಬೇಡಿ. ಹೆಣ್ಣೋ ಗಂಡೋ ಎಂದು ಹೇಳಲಾಗದಂತೆ ಹುಟ್ಟಿದ ಕೂಸಿಗೆ ಆಪರೇಶನ್ ಮಾಡಿಸಿ ಹುಡುಗಿಯಾಗಿಸಲು ನೀವು ಹೈದರಾಬಾದಿನಲ್ಲಿ ದಿನ ಗೊತ್ತು ಮಾಡಿದಾಗಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಇಲ್ಲಿಯ ಡಾಕ್ಟರಮ್ಮನನ್ನು ಕೇಳಿದೆ. “ಹಂಗ ಬಿಟ್ರ ಜೀವಕ್ಕೇನೂ ಆಗಂಗಿಲ್ಲ. ದೊಡ್ಡದಾಗಿ ತಾನಾ ಹೇಳ್ಲಿ, ಅಲ್ಲೀತನಕ ತಡೀರಿ” ಎಂದರು. ತಮಿಳುನಾಡಿನಲ್ಲಿ ಕೂಸುಗಳಿಗೆ ಹೀಗೆ ಮಾಡುವುದನ್ನು ಸರ್ಕಾರವೇ ನಿಲ್ಲಿಸಿದೆಯಂತೆ. ನಮ್ಮಲ್ಲಿ ಅಂಥ ಕಾನೂನು ಇನ್ನೂ ಬಂದಿಲ್ಲ. ತಂದೆ ಸಹಿ ಹಾಕಿದರೆ ಮುಗಿಯಿತು. ನಿಮ್ಮ ಮಗ ಹಾಕಿಯೂ ಆಗಿತ್ತು. ಬಾಗಿಲಲ್ಲಿ ಗಾಡಿ ನಿಂತ ಸದ್ದಾದರೆ ಸಾಕು, ಕೂಸನ್ನೆತ್ತಿಕೊಂಡು ಒಳಗೆ ಓಡುತ್ತಿದ್ದೆ.

ಇವತ್ತು ಮುಂಜಾನೆ ಕೂಸನ್ನು ಒಯ್ಯಲು ನಿಮ್ಮ ಮಗನೇ ನಿಮ್ಮ ಕಾರಿನಲ್ಲಿ ಬಂದರು. ಕೂಸನ್ನು ನನ್ನ ಕೈಯಿಂದ ತೆಗೆದುಕೊಂಡು ಹೊಸ್ತಿಲವರೆಗೆ ಹೋದವರು ಅಲ್ಲೇ ನಿಂತರು. “ನಾಳೆ ಇದು, ನನ್ನ ಯಾಕ ಕೇಳಲಿಲ್ಲಪ್ಪಾ ಅಂದ್ರ ಏನ್ ಹೇಳ್ಲಿ, ಭಾಗ್ಯಾ?” ಎಂದರು. ಈಗ ಅದನ್ನು ಹೆಗಲಿಗೆ ಹಾಕಿಕೊಂಡು ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದಾರೆ. ಅದಕ್ಕೆ ನಿದ್ದೆ ಹತ್ತಿದರೂ ಕೆಳಗಿಡುತ್ತಿಲ್ಲ.

ಈ ಕಾಗದ ಹಿಡಿದು ಡ್ರೈವರ್ ಒಬ್ಬನೇ ಅಲ್ಲಿಗೆ ಬರುತ್ತಿದ್ದಾನೆ. ದಯವಿಟ್ಟು ಅದೇ ಕಾರಿನಲ್ಲಿ ತೊಟ್ಟಿಲು ಕಳಿಸಿ, ಇವರ ಬಟ್ಟೆಗಳನ್ನೂ.

ನಿಮ್ಮ ಸೊಸೆ,
ಭಾಗ್ಯಜ್ಯೋತಿ